ಬಾಲ್ಟಿಮೋರಿನ ರೈಲುದಾರಿಯ ಮೊದಲ ಅಧ್ಯಕ್ಷ ಫಿಲಿಪ್ ಥಾಮಸ್

ಹಣದ ವ್ಯವಹಾರ ಮಾಡುವವರಲ್ಲಿ ಎರಡು ತೆರನಾದ ಜನರನ್ನು ನಾವು ಕಾಣುತ್ತೇವೆ. ಕೈಗೆ ಬಂದುದನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು, ಹಾಸಿಗೆ ಇದ್ದಷ್ಟೇ ಕಾಲು ಚಾಚುವವರು ಒಂದು ತೆರ; ಕಂಡರಿಯದ ಲಾಭವನ್ನು ನೆಚ್ಚಿ ತಮ್ಮದನ್ನೂ ಪರರದನ್ನೂ ಒಂದೇ ದಿನದಲ್ಲಿ ತೂರಿಬಿಡುವವರು ಇನ್ನೊಂದು ತೆರ. ಮೊದಲನೆಯವರಿಂದ ಲೋಕದಲ್ಲಿ ಹೊಸ ಕೆಲಸವಾವುದೂ ನಡೆಯದು. ಎರಡನೆಯವರಿಂದ ಆಗುವ ಕೇಡಿಗೆ ಮಿತಿಯಿಲ್ಲ. ಎಚ್ಚರವನ್ನು ಬಿಡದೆ ಸಾಹಸಕ್ಕೆ ಕೈಹಾಕಿ, ಹಾಕಿದ ಮೇಲೆ ನಂಬಿದವರಿಗೆ ಲೆಕ್ಕವನ್ನು ಮರೆಮಾಡದೆ ಒಪ್ಪಿಸುವವರು ಅಪರೂಪ. ಅಂಥವರಲ್ಲಿ ಒಬ್ಬನಾದ ಫಿಲಿಪ್ ಇವಾನ್ ಥಾಮಸನ ಚರಿತ್ರೆಯನ್ನು ನಮ್ಮ ವಾಚಕರ ಮುಂದೆ ಸಂಗ್ರಹವಾಗಿ ಇಡಬೇಕೆಂದಿದ್ದೇವೆ. ಅಮೆರಿಕದಲ್ಲಿ ಸಾರ್ವಜನಿಕರ ಪ್ರಯಾಣಕ್ಕೂ ಸರಕಿನ ಸಾಗಣೆಗೂ ಮೊದಲು ಏರ್ಪಟ್ಟ ದೊಡ್ಡ ರೈಲುದಾರಿಯನ್ನು ಆತನು ಅಧ್ಯಕ್ಷನಾಗಿ ಒಂಬತ್ತು ವರ್ಷ ನಡೆಯಿಸಿದನು.

ಹುಟ್ಟು ಮತ್ತು ವ್ಯಾಪಾರ

ಥಾಮಸನು ೧೭೭೬ನೆಯ ಇಸವಿ ನವೆಂಬರ್ ೧೧ರಂದು ಮೇರಿಲ್ಯಾಂಡ್ ಸಂಸ್ಥಾನದ ಮಾಂಟ್ಗೊಮರಿ ಪ್ರಾಂತದಲ್ಲಿ ಹುಟ್ಟಿದನು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಅಮೆರಿಕದ ಹದಿಮೂರು ವಸಾಹತುಗಳು ತಾವು ಇಂಗ್ಲೆಂಡಿನ ದೊರೆಗೆ ಅಧೀನವಲ್ಲವೆಂದು ಸಾರಿದ್ದುವು. ದೇಶವೂ ಮಗುವೂ ಓರಗೆಯವರೆಂದು ಹೇಳಬಹುದು. ಆತನ ಮನೆತನದವರು ಕ್ವೇಕರರೆಂದು ಹೆಸರಾದ ಮಿತ್ರ ಸಮಾಜಕ್ಕೆ ಸೇರಿದವರು. ಆ ಕಾಲದಲ್ಲಿ ಈ ಪಂಥದವರು ಆಡಂಬರವಿಲ್ಲದ ಉಡುಗೆಯನ್ನು ಧರಿಸುತ್ತಿದ್ದರು, ಆಡಿದ ಮಾತೇ ಪ್ರಮಾಣವೆಂದು ತಿಳಿದು ನ್ಯಾಯಸ್ಥಾನದಲ್ಲಿಯೂ ಆಣೆಯಿಡುತ್ತಿರಲಿಲ್ಲ, ಯುದ್ಧಕ್ಕೆ ಹೋಗುತ್ತಿರಲಿಲ್ಲ, ಅಂಗಡಿಯಲ್ಲಿ ಚೌಕಾಸಿಗೆ ಎಡೆಗೊಡದೆ ಎಲ್ಲರಿಗೂ ಒಂದೇ ಬೆಲೆ ಹೇಳುತ್ತಿದ್ದರು. ಮೇರಿಲ್ಯಾಂಡಿನಲ್ಲಿ ನೀಗ್ರೋ ಜನರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವ ಪದ್ಧತಿ ಇನ್ನೂ ಬಲವಾಗಿದ್ದಾಗಲೇ ಅಲ್ಲಿಯ ಕ್ವೇಕರರು ತಮ್ಮವರಾರೂ ಗುಲಾಮರನ್ನು ಇಟ್ಟುಕೊಳ್ಳಕೂಡದೆಂದು ಕಟ್ಟು ಮಾಡಿದ್ದರು.

ಇಂಥ ನಡತೆಯ ನಡುವೆ ಬೆಳೆದ ಥಾಮಸನು ಯೌವನದಲ್ಲಿ ಬಾಲ್ಟಿಮೋರ್ ಪಟ್ಟಣಕ್ಕೆ ಬಂದು ಕಬ್ಬಿಣದ ಸಾಮಾನಿನ ವ್ಯಾಪಾರವನ್ನು ಹಿಡಿದನು. ವ್ಯಾಪಾರದಲ್ಲಿ ಆತನಿಗೆ ಲಾಭಕ್ಕಿಂತ ಹೆಚ್ಚಾಗಿ ದೊರೆತುದು ಜನರ ವಿಶ್ವಾಸ. ಆ ವಿಶ್ವಾಸವೇ ಕಾಲಕ್ರಮದಲ್ಲಿ ಆತನನ್ನು ಊರಿನ ಮೆಕ್ಯಾನಿಕ್ಸ್ ಬ್ಯಾಂಕಿನ ಅಧ್ಯಕ್ಷಪದವಿಗೆ ತಂದಿತು. ಐವತ್ತನೆಯ ವಯಸ್ಸು ಸಮೀಪಿಸುವ ವೇಳೆಗೆ ಆತನು ಎಲ್ಲ ರೀತಿಯಲ್ಲಿಯೂ ನೆಲೆಗೊಂಡ ಗೃಹಸ್ಥನಾಗಿದ್ದನು. ಹೊಸ ಸಾಹಸಕ್ಕೆ ತೊಡಗುವ ವಯಸ್ಸು ಅದಲ್ಲವೆಂದು ಯಾರಾದರೂ ಹೇಳಿದ್ದರೆ ತಪ್ಪೆನ್ನುವಂತಿರಲಿಲ್ಲ.

ಊರಿಗೆ ಬಂದ ಸಂಕಟ

ಆದರೆ ಬಾಲ್ಟಿಮೋರಿಗೆ ಸಂಕಟದ ಕಾಲ ಬಂದಿತ್ತು. ಆ ಊರು ಸಮುದ್ರದ ಕೊಲ್ಲಿಯೊಂದರ ದಡದಲ್ಲಿದೆ. ಅದರ ಪಶ್ಚಿಮಕ್ಕೆ ಅಲಿಘೇನಿ ಬೆಟ್ಟಗಳು. ಬೆಟ್ಟಗಳ ಆಚೆ ಓಹೈಯೋ ನದಿಯೂ, ಅದರ ಬದಿಯ ಫಲವತ್ತಾದ ಸೀಮೆಯೂ ಇವೆ. ಆ ಸೀಮೆಯ ಗೋಧಿಹಿಟ್ಟು ಮೊದಲಾದ ಸರಕುಗಳು ಬಂಡಿಗಳಲ್ಲಿ ಬೆಟ್ಟ ಹತ್ತಿಳಿದು ಬಾಲ್ಟಿಮೋರಿಗೆ ಬಂದು ಹಡಗೇರುತ್ತಿದ್ದುವು. ಅದೇ ಊರಿನ ಅನ್ನದ ದಾರಿ.

೧೮೨೫ರಲ್ಲಿ ನ್ಯೂಯಾರ್ಕ್ ಸಂಸ್ಥಾನದವರು ೩೬೩ ಮೈಲಿ ಉದ್ದದ ಈರಿ ಕಾಲುವೆಯನ್ನು ತೆರೆದರು. ದೊಡ್ಡ ಸರೋವರಗಳ ಸೀಮೆಯಿಂದ ನ್ಯೂಯಾರ್ಕಿನವರೆಗೆ ದೋಣಿಗಳು ನೇರವಾಗಿ ಬರತೊಡಗಿದುವು. ಬಂಡಿಯಲ್ಲಿ ಒಂದು ಟನ್ನು ಸರಕನ್ನು ಸಾಗಿಸಲು ಹಿಂದೆ ತಗಲುತ್ತಿದ್ದ ವೆಚ್ಚದ ಸಣ್ಣದೊಂದು ಪಾಲಿನಲ್ಲಿ ಈಗ ಕೆಲಸ ತೀರುತ್ತಿತ್ತು. ಫಿಲಡೆಲ್ಫಿಯದವರೂ ತಮ್ಮ ಕಾಲುವೆಗೆ ಕೈಹಾಕಿದರು. ಬಾಲ್ಟಿಮೋರಿನ ದಕ್ಷಿಣಕ್ಕೆ ಪೊಟೋಮಾಕ್ ನದಿಯನ್ನನುಸರಿಸಿ ಇನ್ನೊಂದು ಕಾಲುವೆಯ ಯೋಚನೆ ನಡೆದಿತ್ತು. ಅದರ ವಿಚಾರಕ್ಕಾಗಿ ಮೇರಿಲ್ಯಾಂಡ್ ಸರಕಾರವು ನೇಮಿಸಿದವರಲ್ಲಿ ಥಾಮಸನೂ ಒಬ್ಬನು. ಆದರೆ ಆ ಕಾಲುವೆಯು ವಾಷಿಂಗ್ಟನ್ನಿನ ಬಳಿಗೆ ಹೋಗಿ ಮುಟ್ಟುವುದೇ ಹೊರತು ತನ್ನ ಊರಿಗೆ ಅದರಿಂದ ಪ್ರಯೋಜನವಿಲ್ಲವೆಂದು ಕಂಡು ಆತನು ಆ ಪದವಿಯನ್ನು ಬಿಟ್ಟುಕೊಟ್ಟನು.

ಇದೇ ಸಮಯದಲ್ಲಿ ಥಾಮಸನ ಸಹೋದರನಾದ ಇವಾನ್ ಥಾಮಸನು ಇಂಗ್ಲೆಂಡಿಗೆ ಹೋಗಿ, ೧೮೨೫ರಲ್ಲಿ ತೆರೆದಿದ್ದ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲುದಾರಿಯನ್ನು ಕಣ್ಣಾರೆ ಕಂಡು ಬಂದನು. ಥಾಮಸನ ಗೆಳೆಯನೂ ಬ್ಯಾಂಕಿನ ಜೊತೆಗಾರನೂ ಆದ ಜಾರ್ಜ್ ಬ್ರೌನನಿಗೆ ಲಿವರ್‌ಪೂಲಿನಲ್ಲಿದ್ದ ತನ್ನ ಅಣ್ಣನಿಂದ ಅಂಥದೇ ಸುದ್ದಿ ಬರುತ್ತಿತ್ತು. ನೀರಿನ ದಾರಿ ಬೆಟ್ಟ ಹತ್ತಲಾರದು. ಕಬ್ಬಿಣದ ದಾರಿ ಹತ್ತೀತೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ೧೮೨೭ನೆಯ ಫೆಬ್ರವರಿ ೧೨ರಂದು ಊರಿನ ಸುಮಾರು ಇಪ್ಪತ್ತೈದು ಮಂದಿ ವರ್ತಕರು ಬ್ರೌನನ ಮನೆಯಲ್ಲಿ ಸೇರಿದರು. ಒಂದು ವಾರದಲ್ಲಿ ವರದಿ ಸಿದ್ಧವಾಯಿತು. ಫೆಬ್ರವರಿ ೨೮ರಂದು ಮೇರಿಲ್ಯಾಂಡಿನ ಶಾಸನಸಭೆಯು ‘ಬಾಲ್ಟಿಮೋರ್ ಮತ್ತು ಓಹೈಯೋ ರೈಲ್ವೆ ಕಂಪನಿ’ಗೆ ಸನ್ನದನ್ನು ಕೊಟ್ಟಿತು. ಮೊದಲ ಮಾತಿಗೂ ಸನ್ನದಿಗೂ ನಡುವೆ ಕಳೆದುದು ಹದಿನಾರೇ ದಿನ!

ಊರಿನ ಉಳಿತಾಯ

ಮುಂದಿನ ತಿಂಗಳು ಷೇರುಗಳನ್ನು ಮಾರಾಟಕ್ಕೆ ಇಟ್ಟರು. ಒಂದು ಷೇರಿಗೆ ೧೦೦ ಡಾಲರು, ಕಂತುಕಂತಾಗಿ ಕೊಡಬಹುದು. ಧನಿಕರು ಮಾತ್ರವಲ್ಲದೆ ಸಣ್ಣ ಅಂಗಡಿಯವರು, ಕಸಬುದಾರರು, ಕೈಯಲ್ಲಿ ನಾಲ್ಕು ಕಾಸು ಉಳಿಸಿದವರೆಲ್ಲರೂ ಬಂದು ಮುತ್ತಿದರು. ತಂದೆತಾಯಿಗಳು ಮಕ್ಕಳ ಹೆಸರಿನಲ್ಲಿಯೂ ಷೇರು ಹಿಡಿದರು. ಸುಮಾರು ೮೦,೦೦೦ ಜನರಿದ್ದ ಆ ಊರಿನಲ್ಲಿ ೨೦,೦೦೦ಕ್ಕೂ ಹೆಚ್ಚು ಮಂದಿ ಪಾಲುದಾರರಾಗಲು ಹೆಸರು ಬರೆಯಿಸಿದರು. ಬಾಲ್ಟಿಮೋರ್ ನಗರವೂ ಮೇರಿಲ್ಯಾಂಡ್ ಸಂಸ್ಥಾನವೂ ಐದೈದು ಲಕ್ಷ ಡಾಲರುಗಳನ್ನು ಹಾಕಿದುವು. ಆ ವರ್ಷದ ಏಪ್ರಿಲಿನಲ್ಲಿ ಥಾಮಸನನ್ನು ಅಧ್ಯಕ್ಷನನ್ನಾಗಿಯೂ ಬ್ರೌನನನ್ನು ಕೋಶಾಧಿಕಾರಿಯನ್ನಾಗಿಯೂ ಆರಿಸಿದರು.

ಈ ಸಂದರ್ಭವನ್ನು ವಾಚಕರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಆಗ ಅಮೆರಿಕದಲ್ಲಿ ಕಲ್ಲುಗಣಿ ಮೊದಲಾದುವುಗಳಿಂದ ಭಾರವನ್ನು ಎಳೆಯುವ ಒಂದೆರಡು ಕಿರಿದಾರಿಗಳ ಹೊರತು ರೈಲುದಾರಿಯೆಂಬುದೇ ಇರಲಿಲ್ಲ. ಕಟ್ಟುವುದು ಹೇಗೆಂದು ಬಲ್ಲವರಿಲ್ಲ. ಎಳೆಯುವುದು ಕುದುರೆಯೋ ಉಗಿಯೋ ಎಂಬುದು ನಿಶ್ಚಯವಿಲ್ಲ. ಹೀಗಿರುವಾಗ ಊರಿನವರ ಉಳಿತಾಯವೆಲ್ಲ ಒಬ್ಬ ಬ್ಯಾಂಕಿನವನ ಮಾತನ್ನು ನಂಬಿ ಒಂದು ಕಡೆ ಬಂದು ಬಿದ್ದಿತ್ತು. ಥಾಮಸನ ಮೇಲೆ ಬಿದ್ದ ಹೊರೆ ಕಬ್ಬಿಣದ ಹೊರೆಯಲ್ಲ, ನಂಬಿಕೆಯ ಹೊರೆ.

೧೮೨೮ನೆಯ ಜುಲೈ ೪ರಂದು ಅಸ್ತಿಭಾರದ ಕಲ್ಲನ್ನು ಇಟ್ಟರು. ಇಟ್ಟವನು ತೊಂಬತ್ತು ವರ್ಷದ ವೃದ್ಧನಾದ ಚಾರ್ಲ್ಸ್ ಕ್ಯಾರಲ್. ಸ್ವಾತಂತ್ರ್ಯದ ಘೋಷಣೆಗೆ ಸಹಿಮಾಡಿದವರಲ್ಲಿ ಆಗ ಬದುಕಿದ್ದವನು ಆತನೊಬ್ಬನೇ. ಆ ಸಹಿಗೆ ಎರಡನೆಯದಾಗಿ ತನ್ನ ಬಾಳಿನ ಮುಖ್ಯ ಕಾರ್ಯ ಇದೇ, ಎರಡನೆಯದೆನ್ನುವುದೂ ಸಂದೇಹವೇ, ಎಂಬರ್ಥದ ಮಾತನ್ನು ಆತನು ಅಂದು ಆಡಿದನೆಂದು ಪ್ರಸಿದ್ಧಿಯುಂಟು. ಅದೇ ದಿನ ವಾಷಿಂಗ್ಟನ್ನಿನ ಬಳಿ ಅಮೆರಿಕದ ಅಧ್ಯಕ್ಷನಾದ ಜಾನ್ ಕ್ವಿನ್ಸಿ ಆಡಮ್ಸನು ಪೊಟೋಮಾಕ್ ಬದಿಯ ಕಾಲುವೆಗೆ ಗುದ್ದಲಿಪೂಜೆ ಮಾಡಿದನು. ಎರಡು ದಾರಿಗಳ ಪೈಪೋಟಿ ಒಂದೇ ದಿನ ಹುಟ್ಟಿತು.

ಕಲಿತ ಪಾಠಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ನಮ್ಮ ಗಾದೆ ಬಾಲ್ಟಿಮೋರಿನವರಿಗೂ ಅನ್ವಯಿಸಿತು. ಮರವು ಕೊಳೆಯುತ್ತದೆ, ಕಲ್ಲು ಶಾಶ್ವತವೆಂದೆಣಿಸಿ, ಮೈಲಿಗಟ್ಟಲೆ ಬೆಣಚುಕಲ್ಲಿನ ತೊಲೆಗಳನ್ನು ಹೂಳಿ ಅವುಗಳ ಮೇಲೆ ಕಬ್ಬಿಣದ ಪಟ್ಟಿಯನ್ನು ಜೋಡಿಸಿದರು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದಾಗ ಕಲ್ಲುಗಳು ಪಲ್ಲಟಿಸಿದುವು. ಅವುಗಳ ಗಡಸಿಗೆ ಬಂಡಿಗಳು ಸವೆದುವು. ಕೊನೆಗೆ ಮರಕ್ಕೇ ಹಿಂದಿರುಗಬೇಕಾಯಿತು. ಸೇತುವೆಗಳನ್ನು ಕಲ್ಲಿನಿಂದ ಕಟ್ಟಬೇಕೋ ಮರದಿಂದ ಕಟ್ಟಬೇಕೋ ಎಂಬ ವಿಷಯದಲ್ಲಿ ಎಂಜಿನಿಯರಾದ ಸ್ಟೀಫನ್ ಲಾಂಗನಿಗೂ ಕಂಪನಿಯ ಮುಖಂಡರಿಗೂ ಜಗಳ ಹತ್ತಿ, ಲಾಂಗನು ಕೆಲಸವನ್ನು ಬಿಟ್ಟುಹೋದನು.

೧೮೩೦ನೆಯ ಮೇ ತಿಂಗಳಿನಲ್ಲಿ ಎಲಿಕಾಟ್ಸ್ ಮಿಲ್ಸ್ ಎಂಬ ಊರಿನವರೆಗೆ ಮೊದಲ ೧೩ ಮೈಲಿ ತೆರೆಯಿತು. ಬಂಡಿಗಳನ್ನು ಎಳೆಯುತ್ತಿದ್ದುವು ಕುದುರೆಗಳು. ಆ ದಿನಗಳಲ್ಲಿ ನಡೆದ ಪ್ರಯೋಗಗಳನ್ನು ಕೇಳಿದರೆ ನಗೆ ಬರುತ್ತದೆ. ಇವಾನ್ ಥಾಮಸನು ಬಂಡಿಗೆ ಹಾಯಿ ಕಟ್ಟಿ ಗಾಳಿಯಿಂದ ಓಡಿಸಿದನು. ಗಾಳಿ ಬೀಸಿದ ಕಡೆಗಲ್ಲದೆ ಅದು ಹೋಗದು. ಮತ್ತೊಂದು ಬಂಡಿಯಲ್ಲಿ ಕುದುರೆಯನ್ನು ಒಳಗೇ ನಿಲ್ಲಿಸಿ, ಅದು ಹಲಗೆಗಳನ್ನು ತುಳಿದಂತೆ ಚಕ್ರಗಳು ತಿರುಗುವಂತೆ ಮಾಡಿದ್ದರು. ಪತ್ರಿಕೆಗಳ ಸಂಪಾದಕರನ್ನು ಕೂರಿಸಿಕೊಂಡು ಹೊರಟಾಗ ಅದು ದಾರಿಯಲ್ಲಿದ್ದ ಹಸುವಿಗೆ ತಾಗಿ ಮಗುಚಿತೆಂದು ಹೇಳುತ್ತಾರೆ.

ಆ ವರ್ಷದ ಆಗಸ್ಟ್ ೨೮ರಂದು ಪೀಟರ್ ಕೂಪರ್ ಎಂಬ ಉದ್ಯಮಿಯು ತಾನೇ ಮಾಡಿದ ಪುಟ್ಟ ಉಗಿಬಂಡಿಯನ್ನು ತಂದನು. ಕೊಳವೆಗಳು ಸಾಲದೆ ಬಂದೂಕದ ನಳಿಗೆಗಳನ್ನು ಅದರ ಬಾಯ್ಲರಿಗೆ ಜೋಡಿಸಿದ್ದನು. ನಿರ್ದೇಶಕರನ್ನು ಹೊತ್ತ ಬಂಡಿಯನ್ನು ಎಳೆದುಕೊಂಡು ಅದು ಗಂಟೆಗೆ ೧೮ ಮೈಲಿಯ ವೇಗದಲ್ಲಿ ಓಡಿತು. ಅಷ್ಟು ವೇಗದಲ್ಲಿ ಮನುಷ್ಯನ ಬುದ್ಧಿ ನೆಟ್ಟಗಿರುವುದೇ ಎಂದು ಪರೀಕ್ಷಿಸಲು ಕೆಲವರು ಕೈಪುಸ್ತಕ ತೆಗೆದು ಅದರಲ್ಲಿ ತಮ್ಮ ಹೆಸರನ್ನೂ ಒಂದೆರಡು ವಾಕ್ಯಗಳನ್ನೂ ಬರೆದುನೋಡಿದರಂತೆ! ಇದೇ ಉಗಿಬಂಡಿಯು ಒಂದು ಬೂದುಬಣ್ಣದ ಕುದುರೆಯೊಡನೆ ಪಂದ್ಯ ಹೂಡಿ, ಗಾಳಿಯೂದುವ ಚಕ್ರದ ಪಟ್ಟಿ ಜಾರಿದ್ದರಿಂದ ಸೋತುಹೋದ ಕಥೆ ಅಮೆರಿಕದ ಮಕ್ಕಳಿಗೆಲ್ಲ ಗೊತ್ತು. ಪಂದ್ಯದಲ್ಲಿ ಕುದುರೆ ಗೆದ್ದಿತು. ಆದರೆ ಉಗಿಯ ಸಾಮರ್ಥ್ಯ ಗುಟ್ಟಾಗಿ ಉಳಿಯಲಿಲ್ಲ. ೧೮೩೧ರ ಮೊದಲಿನಲ್ಲಿಯೇ ಕಂಪನಿಯು ಅತ್ಯುತ್ತಮವಾದ ಉಗಿಬಂಡಿಗೆ ೪,೦೦೦ ಡಾಲರುಗಳ ಬಹುಮಾನವನ್ನು ಸಾರಿತು. ಗೆದ್ದವನು ಫಿನಿಯಸ್ ಡೇವಿಸ್ ಎಂಬ ಗಡಿಯಾರ ಮಾಡುವ ಕಸಬುದಾರ.

ಪಶ್ಚಿಮಕ್ಕೆ ಸಾಗಿದ ದಾರಿಗೆ ನದಿಯ ಬದಿಯ ಕಿರಿದಾದ ಕಣಿವೆಯಲ್ಲಿ ಕಾಲುವೆಯ ಕಂಪನಿ ಅಡ್ಡ ನಿಂತಿತು. ಇಬ್ಬರಿಗೂ ಸಾಲುವಷ್ಟು ನೆಲವಿಲ್ಲ. ವ್ಯಾಜ್ಯವು ೧೮೨೮ರಿಂದ ೧೮೩೨ರವರೆಗೆ ನಡೆದು ತೀರ್ಪು ಕಾಲುವೆಯ ಪರವಾಯಿತು. ೧೮೩೩ರಲ್ಲಿ ಹಣ ಕೊಟ್ಟು ರಾಜಿ ಮಾಡಿಕೊಂಡ ಮೇಲೆಯೇ ರೈಲುದಾರಿಗೆ ಎಡೆ ದೊರೆಯಿತು. ೧೮೩೪ರ ಕೊನೆಯಲ್ಲಿ ಅದು ಹಾರ್ಪರ್ಸ್ ಫೆರಿಯನ್ನು ಮುಟ್ಟಿತು.

ಮುಚ್ಚಿದ ಲೆಕ್ಕ, ತೆರೆದ ಲೆಕ್ಕ

ಇಷ್ಟು ಎಡರುಗಳು ಬಂದರೂ ಜನರ ನಂಬಿಕೆ ಒಡೆಯದೆ ಉಳಿದುದು ಹೇಗೆ? ಥಾಮಸನ ಸಹಿಯೊಡನೆ ವರ್ಷಕ್ಕೊಮ್ಮೆ ಅಚ್ಚಾಗುತ್ತಿದ್ದ ವರದಿಗಳೇ ಇದಕ್ಕೆ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. ಸೇತುವೆಗೆ ಏನು ತಗುಲಿತು, ಕಂಬಿಗೆ ಏನು ತಗುಲಿತು, ಎಂಜಿನಿಯರುಗಳು ಏನು ಹೇಳಿದರು, ಯಾವ ಪ್ರಯೋಗ ಫಲಿಸಿತು, ಯಾವುದು ಕೆಟ್ಟಿತು ಎಂಬುದೆಲ್ಲ ಅವುಗಳಲ್ಲಿ ವಿವರವಾಗಿ ಇರುತ್ತಿತ್ತು. ಬೇರೆ ಊರುಗಳಲ್ಲಿ ರೈಲುದಾರಿ ಕಟ್ಟಲೆಳಸಿದವರು ಅವುಗಳನ್ನು ಪಾಠದ ಪುಸ್ತಕಗಳಂತೆ ಓದಿದರು. ೧೮೩೫ರಲ್ಲಿ ಅಮೆರಿಕದ ರೈಲ್ವೆ ಪತ್ರಿಕೆಯೊಂದು ಈ ಕಂಪನಿಯನ್ನು ದೇಶದ ‘ರೈಲ್ವೆ ವಿಶ್ವವಿದ್ಯಾಲಯ’ವೆಂದೇ ಕರೆಯಿತು. ಬಾಲ್ಟಿಮೋರಿನವರು ಶುಲ್ಕ ತೆತ್ತು ಕಲಿತ ವಿದ್ಯೆ ಮಿಕ್ಕವರಿಗೆ ಧರ್ಮಾರ್ಥವಾಗಿ ದೊರೆಯಿತು.

ಇದರ ಬೆಲೆಯನ್ನು ತಿಳಿಯಬೇಕಾದರೆ ಅದೇ ಊರಿನಲ್ಲಿ ಅದೇ ದಿನಗಳಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನೋಡಬೇಕು. ಅಲ್ಲಿಯ ಬ್ಯಾಂಕ್ ಆಫ್ ಮೇರಿಲ್ಯಾಂಡ್ ಎಂಬ ಸಂಸ್ಥೆಯು ಠೇವಣಿಗೆ ಬಡ್ಡಿ ಕೊಡುವುದಾಗಿ ಹೇಳಿ ಸಾಮಾನ್ಯ ಜನರ ಹಣವನ್ನು ಸೆಳೆದಿತ್ತು. ೧೮೩೪ರ ಮಾರ್ಚಿನಲ್ಲಿ ಅದು ಬಾಗಿಲು ಹಾಕಿತು. ಒಂದೂವರೆ ವರ್ಷ ಕಳೆಯುತ್ತ ಬಂದರೂ ಹಣ ಎಲ್ಲಿ ಹೋಯಿತೆಂಬ ಲೆಕ್ಕ ಹೊರಬೀಳಲಿಲ್ಲ. ೧೮೩೫ರ ಆಗಸ್ಟಿನಲ್ಲಿ ರೊಚ್ಚಿಗೆದ್ದ ಜನರು ಆ ಬ್ಯಾಂಕಿಗೆ ಸಂಬಂಧಪಟ್ಟ ಗೃಹಸ್ಥರ ಮನೆಗಳಿಗೆ ನುಗ್ಗಿ ಸಾಮಾನನ್ನು ಬೀದಿಯಲ್ಲಿ ಸುಟ್ಟರು. ಮೇಯರನ ಮನೆಯೂ ಉಳಿಯಲಿಲ್ಲ. ಆ ದೊಂಬಿ ಅಡಗಿದ ಕೆಲವೇ ವಾರಗಳಲ್ಲಿ, ಅದೇ ತಿಂಗಳ ೨೫ರಂದು, ಅದೇ ಊರಿನ ರೈಲುದಾರಿಯ ವಾಷಿಂಗ್ಟನ್ ಶಾಖೆ ತೆರೆಯಿತು. ನಷ್ಟವನ್ನು ಜನರು ಸಹಿಸುತ್ತಾರೆ. ಮರೆಮಾಡಿದ ನಷ್ಟವನ್ನು ಸಹಿಸುವುದಿಲ್ಲ.

ಆದರೂ ಕಂಪನಿಯ ಲೆಕ್ಕದಲ್ಲಿ ಸೇರದೆ ಉಳಿದವರೂ ಇದ್ದರು. ದಾರಿಯನ್ನು ಕಡಿದು ಕಟ್ಟಿದವರು ಹೆಚ್ಚಾಗಿ ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದ ಕೂಲಿಗಳು. ಅವರಿಗೆ ಕೂಲಿ ಕೊಡುತ್ತಿದ್ದವರು ಗುತ್ತಿಗೆದಾರರು. ಕಂಪನಿಗೂ ಅವರಿಗೂ ನೇರವಾದ ಸಂಬಂಧವಿಲ್ಲ. ೧೮೩೧ರ ಬೇಸಗೆಯಲ್ಲಿ ಒಬ್ಬ ಗುತ್ತಿಗೆದಾರನು ಕೂಲಿ ಕೊಡದೆ ಓಡಿಹೋದನು. ಕೂಲಿಗಳು ತಾವು ಹಾಕಿದ ದಾರಿಯನ್ನು ತಾವೇ ಕಿತ್ತೆಸೆದರು. ಊರಿನಿಂದ ಸಿಪಾಯಿಗಳು ಅದೇ ದಾರಿಯ ಮೇಲೆ ಹೋಗಿ ಅನೇಕರನ್ನು ಹಿಡಿದು ತಂದರು. ಕಾನೂನಿನಂತೆ ಕಂಪನಿಯ ಕಡೆಗೆ ನ್ಯಾಯವಿದ್ದಿರಬಹುದು. ಬೆವರು ಸುರಿಸಿದವನ ಪಾಲಿಗೆ ಅದು ನ್ಯಾಯವಾಗಿ ಕಂಡಿರಲಾರದು. ಷೇರುದಾರನಿಗೆ ಸಂದ ಲೆಕ್ಕ ಕೂಲಿಯವನಿಗೆ ಸಲ್ಲಲಿಲ್ಲವೆಂಬ ಮಾತನ್ನು ಥಾಮಸನ ಚರಿತ್ರೆಯನ್ನು ಬರೆಯುವವರು ಬಿಡಕೂಡದು.

ಕಲ್ಲಿನ ಸೇತುವೆ

ವಾಷಿಂಗ್ಟನ್ ಶಾಖೆಯ ದಾರಿಯಲ್ಲಿ ಪಟಾಪ್ಸ್ಕೊ ನದಿಯನ್ನು ದಾಟಬೇಕು. ಅಲ್ಲಿ ಬೆಂಜಮಿನ್ ಲಾಟ್ರೋಬ್ ಎಂಬ ತರುಣ ಎಂಜಿನಿಯರನು ಎಂಟು ಕಮಾನುಗಳ ಕಲ್ಲಿನ ಸೇತುವೆಯನ್ನು ಯೋಜಿಸಿದನು. ಅದರ ಉದ್ದ ೬೧೨ ಅಡಿ, ಎತ್ತರ ಸುಮಾರು ೬೦ ಅಡಿ. ನೇರವಾಗಿರದೆ ಅದು ಬಿಲ್ಲಿನಂತೆ ಬಾಗಿದೆ. ಇಷ್ಟು ದೊಡ್ಡ ಬಾಗಿದ ಸೇತುವೆ ತನ್ನ ಭಾರಕ್ಕೆ ತಾನೇ ಕುಸಿಯುವುದೆಂದು ಭಾವಿಸಿ ಅದನ್ನು ‘ಲಾಟ್ರೋಬನ ಮರುಳುತನ’ವೆಂದು ಹಾಸ್ಯಮಾಡಿದವರುಂಟು. ೧೮೩೫ರಲ್ಲಿ ಕೆಲಸ ಮುಗಿಯಿತು. ಅದಕ್ಕೆ ಥಾಮಸನ ಹೆಸರನ್ನೇ ಇಟ್ಟರು. ಎಂಟು ಹತ್ತು ಟನ್ನಿಗೆ ಮೀರದ ಎಂಜಿನ್ನುಗಳ ಕಾಲದಲ್ಲಿ ಕಟ್ಟಿದ ಆ ಸೇತುವೆಯ ಮೇಲೆ ಈ ಹೊತ್ತಿಗೂ ಭಾರವಾದ ಸರಕಿನ ಗಾಡಿಗಳು ಓಡುತ್ತಿವೆ.

೧೮೩೬ರಲ್ಲಿ, ಅರುವತ್ತನೆಯ ವಯಸ್ಸಿನ ಸಮೀಪದಲ್ಲಿ, ಥಾಮಸನು ಅಧ್ಯಕ್ಷಪದವಿಯನ್ನು ಬಿಟ್ಟನು. ಓಹೈಯೋ ನದಿ ಆಗ ಇನ್ನೂ ಬಹು ದೂರವಿತ್ತು. ಅಲಿಘೇನಿ ಬೆಟ್ಟಗಳನ್ನು ದಾಟಿ ೩೭೯ ಮೈಲಿಯ ದಾರಿ ಓಹೈಯೋ ದಡದ ವ್ಹೀಲಿಂಗ್ ಪಟ್ಟಣವನ್ನು ಮುಟ್ಟಿದುದು ೧೮೫೨ರ ಡಿಸೆಂಬರಿನ ಕೊನೆಯಲ್ಲಿ. ಕೆಲವೇ ವರ್ಷಗಳ ಕೆಲಸವೆಂದು ತಿಳಿದು ತೊಡಗಿದುದಕ್ಕೆ ಕಾಲು ಶತಮಾನ ಹಿಡಿಯಿತು. ಬೀಜವನ್ನು ಬಿತ್ತಿದವನು ಮರದ ಹಣ್ಣನ್ನು ನೋಡುವಷ್ಟು ಕಾಲ ಬದುಕಿದ್ದನೆಂಬುದೇ ಸಮಾಧಾನ.

ಸೆನೆಕಾ ಜನರ ವಕೀಲ

ಪದವಿಯನ್ನು ಬಿಟ್ಟ ಥಾಮಸನು ಸುಮ್ಮನೆ ಕುಳಿತಿರಲಿಲ್ಲ. ನ್ಯೂಯಾರ್ಕ್ ಸಂಸ್ಥಾನದ ಪಶ್ಚಿಮ ಭಾಗದಲ್ಲಿ ಸೆನೆಕಾ ಎಂಬ ಅಮೆರಿಕದ ಮೂಲನಿವಾಸಿಗಳಿದ್ದರು. ೧೮೩೮ರಲ್ಲಿ ಆಗ್ಡನ್ ಭೂಮಿ ಕಂಪನಿ ಎಂಬ ಸಂಸ್ಥೆಯ ಕಡೆಯವರು ಮುಖಂಡರಲ್ಲಿ ಕೆಲವರಿಗೆ ಲಂಚ ಕೊಟ್ಟು, ಕೆಲವರನ್ನು ಬೆದರಿಸಿ ಸಹಿಗಳನ್ನು ಪಡೆದು, ಅಲ್ಲಿ ಅವರಿಗೆ ಉಳಿದಿದ್ದ ನೆಲವನ್ನೆಲ್ಲ ಸುಮಾರು ೨ ಲಕ್ಷ ಡಾಲರಿಗೆ ಬರೆಯಿಸಿಕೊಂಡರು. ಜನರೆಲ್ಲರೂ ದೂರದ ಪಶ್ಚಿಮಕ್ಕೆ ತೆರಳಬೇಕೆಂದಾಯಿತು. ಈ ಮೋಸವನ್ನು ಕ್ವೇಕರರು ಎತ್ತಿ ತೋರಿಸಿ ಹೋರಾಡಿದರು. ೧೮೪೨ರ ಹೊಸ ಒಪ್ಪಂದದಿಂದ ನಾಲ್ಕು ನೆಲೆಗಳಲ್ಲಿ ಎರಡು ಸೆನೆಕಾ ಜನರಿಗೆ ಹಿಂದಿರುಗಿದುವು, ಎರಡು ಹೋದುವು. ಹೋದ ಎರಡರಲ್ಲಿ ಒಂದಾದ ಟೋನವಾಂಡದ ನೆಲದ ಬಹುಭಾಗವನ್ನು ಅಲ್ಲಿಯವರು ೧೮೫೭ರ ಒಪ್ಪಂದದಂತೆ ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು.

ವೃದ್ಧನಾದ ಥಾಮಸನು ವಾಷಿಂಗ್ಟನ್ನಿನ ಅಧಿಕಾರಿಗಳ ಮುಂದೆ ಈ ಜನರ ಪರವಾಗಿ ಮಾತನಾಡುವವನಾದನು. ಆತನ ಬ್ಯಾಂಕಿನ ಬುದ್ಧಿ ಇಲ್ಲಿಯೂ ಕೆಲಸಕ್ಕೆ ಬಂದಿತು. ಸರಕಾರವು ಕೊಡುತ್ತಿದ್ದ ವರ್ಷಾಶನದ ಹಣ ಮುಖಂಡರ ಕೈಸೇರುತ್ತಿತ್ತು, ಅದು ಪ್ರತಿಯೊಂದು ಸಂಸಾರದ ಯಜಮಾನನಿಗೆ ನೇರವಾಗಿ ಸಲ್ಲಬೇಕೆಂದು ಕ್ವೇಕರರು ವಾದಿಸಿದರು, ಹಾಗೆಯೇ ಆಯಿತು. ೧೮೪೮ರ ಡಿಸೆಂಬರಿನಲ್ಲಿ ಸೆನೆಕಾ ಜನರು ತಮಗೊಂದು ಸಂವಿಧಾನವನ್ನು ಮಾಡಿಕೊಂಡರು. ಜನಾಂಗದ ತಾಯಂದಿರಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪದೆ ನೆಲವನ್ನು ಪರಭಾರೆ ಮಾಡಕೂಡದೆಂಬ ವಿಧಿಯನ್ನು ಅದರಲ್ಲಿ ಬರೆದರು. ಎಲ್ಲರಿಗೂ ಈ ಮಾರ್ಪಾಟು ಸಮ್ಮತವಾಗಲಿಲ್ಲ. ಮುಖಂಡರನ್ನು ಆರಿಸುವ ಹಳೆಯ ಅಧಿಕಾರವನ್ನು ಕುಲದ ತಾಯಂದಿರು ಕಳೆದುಕೊಂಡರು. ಚುನಾವಣೆಯಲ್ಲಿ ಮತ ಕೊಡುವ ಹಕ್ಕು ಹೆಂಗಸರಿಗೆ ದೊರೆತುದು ೧೯೬೪ರಲ್ಲಿ. ಟೋನವಾಂಡದ ಸೆನೆಕಾ ಜನರು ಹಳೆಯ ಪದ್ಧತಿಯನ್ನೇ ಹಿಡಿದು ಬೇರೆಯಾಗಿ ಉಳಿದರು. ಉಳಿದವರು ಥಾಮಸನನ್ನು ತಮ್ಮವನೆಂದು ಸೇರಿಸಿಕೊಂಡು ತಮ್ಮ ಭಾಷೆಯ ಹೆಸರೊಂದನ್ನು ಇಟ್ಟರು. ವಿಧಿಯ ವಿಚಿತ್ರವನ್ನು ನೋಡಿ: ೧೮೫೧ರಲ್ಲಿ ಪೂರ್ತಿಯಾದ ಈರಿ ರೈಲುದಾರಿಯು ಅವರಿಗೆ ಹಿಂದಿರುಗಿದ ಅಲಿಗೇನಿ ನೆಲೆಯ ನಡುವೆಯೇ ಹಾದುಹೋಯಿತು. ಥಾಮಸನು ಮೊದಲಿಗನಾಗಿ ನಡೆಯಿಸಿದ ಹೊಗೆಬಂಡಿಯೇ ಆತನು ಕಾಯಲು ಹೊರಟ ನೆಲವನ್ನೂ ಅರಸಿಕೊಂಡು ಬಂದಿತು.

ಕೊನೆಯ ಮಾತು

೧೮೬೧ನೆಯ ಸೆಪ್ಟೆಂಬರ್ ೧ರಂದು ಥಾಮಸನು ತನ್ನ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಆಗ ಗುಲಾಮಗಿರಿಯ ಕಾರಣದಿಂದ ಅಮೆರಿಕದ ಉತ್ತರ–ದಕ್ಷಿಣ ಭಾಗಗಳ ನಡುವೆ ಘೋರವಾದ ಯುದ್ಧ ನಡೆದಿತ್ತು. ಯುದ್ಧವನ್ನು ಒಪ್ಪದ ಪಂಥದವನ ಹೆಸರನ್ನು ಹೊತ್ತ ಸೇತುವೆಯನ್ನು ಕಾಯುವುದಕ್ಕೆ ಗುಡ್ಡದ ಮೇಲೆ ಫಿರಂಗಿಗಳನ್ನು ಹೂಡಿದ್ದರು. ರಾಜಧಾನಿಗೆ ಸೈನ್ಯವೂ ಆಹಾರವೂ ಹೋಗುತ್ತಿದ್ದುದು ಆ ಕಮಾನುಗಳ ಮೇಲೆಯೇ.

ಥಾಮಸನು ಯಂತ್ರಗಳನ್ನು ಕಂಡುಹಿಡಿದವನಲ್ಲ. ಸೇತುವೆಯನ್ನು ತಾನೇ ಕಟ್ಟಿದವನೂ ಅಲ್ಲ. ಹತ್ತು ಜನರ ಹಣವನ್ನು ಕೈಗೆ ತೆಗೆದುಕೊಂಡವನು ಹತ್ತು ಜನರ ಮುಂದೆ ಲೆಕ್ಕವನ್ನು ಬಿಚ್ಚಿಡಬೇಕು, ಕೆಟ್ಟುದನ್ನೂ ಕೂಡಿಸಿ ಹೇಳಬೇಕು ಎಂಬ ಒಂದು ನಿಯಮವನ್ನು ಆತನು ಬಿಡದೆ ನಡೆಯಿಸಿದನು. ಊರಿನ ಸಹಕಾರ ಸಂಘವಾಗಲಿ, ದೇವಸ್ಥಾನದ ಹುಂಡಿಯಾಗಲಿ, ಒಟ್ಟು ಕುಟುಂಬದ ಖರ್ಚಿನ ಪುಸ್ತಕವಾಗಲಿ, ಪರರ ಹಣ ಎಲ್ಲೆಲ್ಲಿ ಕೈಗೆ ಬರುವುದೋ ಅಲ್ಲೆಲ್ಲ ಈ ನಿಯಮಕ್ಕೆ ಬೆಲೆಯಿದೆ. ಅದು ಪ್ರತಿಯೊಬ್ಬ ಗೃಹಸ್ಥನ ಕೈಲಾಗುವ ಕೆಲಸವೂ ಹೌದು.